ಹೊಸ ಮಾಡೆಲ್ ಬರುವವರೆಗೆ ಕಾಯಬೇಕಾ?



ಕಳೆದ ಭಾನುವಾರ ಯುವಜನರ ಕೂಟ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಪ್ರಾರ್ಥನೆಗೆ ಬಂದಿದ್ದಾನೆ ಅಂದುಕೊಂಡು ನಾನು ಅವನ ತಲೆಯ ಮೇಲೆ ಕೈ ಇಡೋಕೆ ಹೋದೆ. ಅವನು ಮೆಲ್ಲಗೆ ಕೇಳಿದ: "ಪಾಸ್ಟರ್, ಒಂದು ಡೆಸ್ಕ್‌ಟಾಪ್ ತಗೋಬೇಕು ಅಂತಿದ್ದೀನಿ. ಈಗಲೇ ತಗೊಳ್ಲಾ, ಹೊಸ ಮಾಡೆಲ್ ಬರೋವರೆಗೂ ಕಾಯ್ಲಾ?" ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ನನಗೆ ನಗು ಬರಲಿಲ್ಲ. ಯಾಕಂದ್ರೆ ಇದೇ ಪ್ರಶ್ನೆಗೆ ಒಂದು ಸಲ ನಾನು ತಪ್ಪು ಉತ್ತರ ಕೊಟ್ಟಿದ್ದೆ. ಅದರ ಬೆಲೆ ತೆತ್ತದ್ದು ನಾನಲ್ಲ, ಇನ್ನೊಬ್ಬರು. ಇವತ್ತು ಅದನ್ನು ನಿಮ್ಮ ಮುಂದೆ ಹೇಳಬೇಕು.

ಮೊದಲು ಒಂದು ಮಾತು. ಈ ಪ್ರಶ್ನೆ ಕೇಳೋದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಬೆವರು ಸುರಿಸಿ ದುಡಿದ ದುಡ್ಡನ್ನು ಯೋಚನೆ ಮಾಡಿ ಖರ್ಚು ಮಾಡುವುದು ಒಳ್ಳೆಯ ಮನೆವಾರ್ತೆ. 2024ರ ಅಕ್ಟೋಬರ್ ನೆನಪಿಸಿಕೊಳ್ಳಿ. ಆಗ ಅಂಗಡಿಯಲ್ಲಿದ್ದ ಮ್ಯಾಕ್ ಮಿನಿ, ಎಂ2 ಚಿಪ್ಪಿನದು, 8 ಜಿಬಿ ಮೆಮೊರಿ, ನಮ್ಮಲ್ಲಿ ಆರಂಭದ ಬೆಲೆ 59,900 ರೂಪಾಯಿ. ಆ ತಿಂಗಳು 29ಕ್ಕೆ ಎಂ4 ಮಾಡೆಲ್ ಪ್ರಕಟವಾಯಿತು. ಆರಂಭದ ಬೆಲೆ ಅದೇ 59,900, ಮೆಮೊರಿ ಮಾತ್ರ 16 ಜಿಬಿ. ಹಿಂದಿನ ವಾರ ಪೂರ್ತಿ ಬೆಲೆ ಕೊಟ್ಟು ಹಳೆಯದನ್ನು ತಂದವನ ಹೊಟ್ಟೆ ಉರಿದಿರುತ್ತೆ, ಅಲ್ವಾ? ಹೊಸದು ಬರುತ್ತೆ ಅನ್ನೋ ಸುದ್ದಿ ಆಗಲೇ ಹರಡಿತ್ತು. ಎರಡು ವಾರ ಕಾದವನು ಜಾಣ. ಅವನನ್ನು ನಾನು ಖಂಡಿತ ಹೊಗಳುತ್ತೇನೆ.

ಇನ್ನೂ ಒಂದು ಲೆಕ್ಕ ಇದೆ. 1999ರ ಕೊನೆಯಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಖಗೋಳಶಾಸ್ತ್ರದ ಹುಡುಗರು ಸೇರಿ ಅರ್ಧ ತಮಾಷೆಗೆ ಒಂದು ಪ್ರಬಂಧ ಬರೆದರು. ಕಂಪ್ಯೂಟರಿನ ಶಕ್ತಿ 18 ತಿಂಗಳಿಗೊಮ್ಮೆ ಎರಡು ಪಟ್ಟು ಆಗುತ್ತಾ ಹೋದರೆ, ಒಂದು ದೊಡ್ಡ ಗಣನೆಯನ್ನು ಈಗಲೇ ಶುರು ಮಾಡಬೇಕಾ, ಹೊಸ ಯಂತ್ರಕ್ಕೆ ಕಾದು ಆಮೇಲೆ ಮಾಡಬೇಕಾ ಅಂತ ಲೆಕ್ಕ ಹಾಕಿದರು. ಬಂದ ಉತ್ತರ ಏನು ಗೊತ್ತಾ? ಆ ಕೆಲಸ ಇಂದಿನ ಯಂತ್ರದಲ್ಲಿ 26 ತಿಂಗಳಿಗಿಂತ ಹೆಚ್ಚು ಹಿಡಿಯುವುದಾದರೆ ಕಾಯುವುದೇ ಲಾಭ. ಅದಕ್ಕಿಂತ ಚಿಕ್ಕ ಕೆಲಸವಾದರೆ ಇವತ್ತೇ ಶುರು ಮಾಡು. ನಾವು ಮಾಡೋ ಕೆಲಸದಲ್ಲಿ ಎಷ್ಟು ಅಷ್ಟು ದೊಡ್ಡವು, ಹೇಳಿ? ಒಂದು ಮದುವೆ ವಿಡಿಯೋ, ಒಂದು ಕೋಡಿಂಗ್ ಕೋರ್ಸ್, ಒಂದು ಪ್ರಾಜೆಕ್ಟ್ ರಿಪೋರ್ಟ್. ಅರಿಜೋನಾ ಹುಡುಗರ ಲೆಕ್ಕದಲ್ಲೇ ನೋಡಿದರೂ ನಮ್ಮಲ್ಲಿ ಹೆಚ್ಚಿನವರು ಇವತ್ತೇ ಕೂತು ಶುರು ಮಾಡಬೇಕಾದವರು.

ಆದರೆ ಆ ಲೆಕ್ಕದಲ್ಲಿ ಒಂದು ವಿಷಯ ಸೇರಿಲ್ಲ. ಅಲ್ಲಿ ಕಾಯುವವನೂ, ಯಂತ್ರ ಬೇಕಾದವನೂ ಒಬ್ಬನೇ. ನಮ್ಮ ಬದುಕಿನಲ್ಲಿ ಹಾಗಿರೋದು ಅಪರೂಪ. ನಾನು ಕಾಯ್ತೀನಿ, ಬೆಲೆ ಇನ್ಯಾರೋ ಕೊಡ್ತಾರೆ.

ಆಡಮ್ ಓಸ್‌ಬೋರ್ನ್ ಅಂತ ಒಬ್ಬರಿದ್ದರು. ಇಂಗ್ಲಿಷ್ ಮನೆತನ, ಬಾಲ್ಯ ಕಳೆದದ್ದು ನಮ್ಮ ಪಕ್ಕದ ತಮಿಳುನಾಡಿನಲ್ಲಿ, ತೀರಿಕೊಂಡದ್ದೂ ಅಲ್ಲೇ, 2003ರಲ್ಲಿ ಕೊಡೈಕೆನಾಲ್‌ನಲ್ಲಿ. 1981ರಲ್ಲಿ ಅಮೆರಿಕದಲ್ಲಿ ಅವರು ಹೊತ್ತುಕೊಂಡು ಹೋಗಬಹುದಾದ ಒಂದು ಕಂಪ್ಯೂಟರ್ ತಂದರು. ತೂಕ ಸುಮಾರು 11 ಕಿಲೋ, ಬೆಲೆ 1,795 ಡಾಲರ್. ಚೆನ್ನಾಗಿ ಮಾರಾಟ ಆಯಿತು. 1983ರಲ್ಲಿ ಇನ್ನೂ ಒಳ್ಳೆಯ ಮಾಡೆಲ್ ಬರ್ತಿದೆ ಅನ್ನೋ ಮಾತು ಮೊದಲೇ ಹೊರಬಿತ್ತು. ಅಂಗಡಿಯವರು ಹಳೆಯದಕ್ಕೆ ಕೊಟ್ಟ ಆರ್ಡರ್ ನಿಲ್ಲಿಸಿದರು, ಗಿರಾಕಿಗಳು ಕಾಯುತ್ತಾ ಕೂತರು. ಅದೇ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಪೈಪೋಟಿ ಮುಂತಾದ ಬೇರೆ ಕಾರಣಗಳೂ ಇದ್ದವು. ಆದರೂ ಹೀಗೆ ಆಗುವುದಕ್ಕೆ ವ್ಯಾಪಾರದ ಲೋಕ ಇಂದಿಗೂ ಅವರ ಹೆಸರನ್ನೇ ಇಟ್ಟು 'ಓಸ್‌ಬೋರ್ನ್ ಎಫೆಕ್ಟ್' ಅನ್ನುತ್ತದೆ. ಕಾದವರು ಗಿರಾಕಿಗಳು. ಬೀದಿಗೆ ಬಿದ್ದವರು ಅಲ್ಲಿ ಕೆಲಸ ಮಾಡುತ್ತಿದ್ದವರು.

ಈಗ ನನ್ನ ಕಥೆಗೆ ಬರ್ತೀನಿ.

2016. ನಾನಾಗ ಪೂರ್ಣಾವಧಿ ಸೇವೆಗೆ ಬಂದಿರಲಿಲ್ಲ. ಚಾಮರಾಜಪೇಟೆಯ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಮದುವೆ ಆಲ್ಬಮ್ ಡಿಸೈನ್ ಮಾಡ್ತಿದ್ದೆ. ನನ್ನ ತಂಗಿ ಆಗ ತಾನೇ ಸೆಕೆಂಡ್ ಪಿಯುಸಿ ಮುಗಿಸಿದ್ದಳು. ಅವಳಿಗೆ ವಿಡಿಯೋ ಎಡಿಟಿಂಗ್ ಕಲಿಯೋ ಆಸೆ. ಮನೆಯಲ್ಲಿದ್ದ ಹಳೇ ಕಂಪ್ಯೂಟರ್ ಒಂದು ವಿಡಿಯೋ ಓಡಿಸಿದರೆ ಸಾಕು, ಒಳಗಿನ ಫ್ಯಾನ್ ಮಿಕ್ಸಿ ಥರ ಕೂಗ್ತಿತ್ತು. ಚೀಟಿ ಹಾಕಿ ನಾನು 45 ಸಾವಿರ ಕೂಡಿಸಿದ್ದೆ. "ನಿನಗೆ ಒಂದು ಮ್ಯಾಕ್ ಮಿನಿ ತರ್ತೀನಿ" ಅಂದೆ. ಅವಳ ಮುಖ ಅರಳಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಗ ಅಂಗಡಿಯಲ್ಲಿದ್ದದ್ದು 2014ರ ಮಾಡೆಲ್. ಅದರ ಹಿಂದಿನದರಲ್ಲಿ ನಾಲ್ಕು ಕೋರ್‌ನ ಪ್ರೊಸೆಸರ್ ಸಿಗುತ್ತಿತ್ತು, ಇದರಲ್ಲಿ ಬರೀ ಎರಡು. ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿದ್ದರು, ಆಮೇಲೆ ಹೆಚ್ಚಿಸೋ ಹಾಗಿಲ್ಲ. ಕೆಲಸದ ಜಾಗದಲ್ಲಿ ಎಲ್ಲರೂ ಹೇಳಿದರು, "ಈಗ ತಗೋಬೇಡ ಮಾರಾಯ, ಎರಡು ವರ್ಷ ಆಯ್ತಲ್ಲ, ಹೊಸದು ಬಂದೇ ಬರುತ್ತೆ." ನಾನು ಮನೆಗೆ ಬಂದು ಹೇಳಿದೆ: "ಸ್ವಲ್ಪ ತಡಿ."

2016ರ ಅಕ್ಟೋಬರ್ ಬಂತು. ಲ್ಯಾಪ್‌ಟಾಪ್‌ಗಳು ಬಂದವು. 2017ರ ಜೂನ್ ಬಂತು. ಐಮ್ಯಾಕ್ ಹೊಸದಾಯಿತು, ಮಿನಿ ಇಲ್ಲ. ಪ್ರತಿ ಸಲ ನಾನು, "ಮುಂದಿನ ಸಲ ಗ್ಯಾರಂಟಿ, ತಡಿ." ನಡುವೆ ಒಂದು ದಿನ ಎಸ್.ಪಿ. ರೋಡಿಗೂ ಹೋಗಿದ್ದೆ. ಅಂಗಡಿಯವರು ನಲವತ್ತು ಸಾವಿರಕ್ಕೆ ಒಳ್ಳೆಯ ಮಷೀನ್ ಜೋಡಿಸಿ ಕೊಡ್ತೀನಿ ಅಂದರು. "ಒಂದು ರ‍್ಯಾಮ್ ಸ್ಲಾಟ್ ಖಾಲಿ ಬಿಟ್ಟಿರ್ತೀನಿ ಸರ್, ಕೈಯಲ್ಲಿ ದುಡ್ಡಾದಾಗ ಹಾಕ್ಕೊಳ್ಳಿ" ಅಂದರು. ಎಷ್ಟು ಬುದ್ಧಿವಂತಿಕೆಯ ಮಾತು! ಇವತ್ತಿಗೆ ಸಾಕಾದದ್ದನ್ನು ತಗೋ, ನಾಳೆಗೆ ಒಂದು ಜಾಗ ಖಾಲಿ ಇಟ್ಟುಕೋ. ನಾನು ಆ ಕೊಟೇಶನ್ ಚೀಟಿಯನ್ನು ಜೇಬಿಗೆ ಹಾಕಿಕೊಂಡು ವಾಪಸ್ ಬಂದೆ. ಯಾಕೆ? ಇವತ್ತು ಸತ್ಯ ಹೇಳ್ತೀನಿ. ತಂಗಿಗೆ ಬೇಕಾಗಿದ್ದದ್ದು ಕೆಲಸ ಕಲಿಯೋಕೆ ಒಂದು ಮಷೀನ್. ನನಗೆ ಬೇಕಾಗಿದ್ದದ್ದು ನಮ್ಮ ಮನೆಯಲ್ಲೂ ಒಂದು ಮ್ಯಾಕ್ ಇದೆ ಅನ್ನೋ ಹೆಮ್ಮೆ.

ಕೊನೆಗೆ ಹೊಸ ಮಿನಿ ಬಂತು, 2018ರ ಅಕ್ಟೋಬರ್ 30ಕ್ಕೆ. ಹಳೆಯದಾಗಿ ನಾಲ್ಕು ವರ್ಷ ಆದಮೇಲೆ. ಅಮೆರಿಕದಲ್ಲಿ 499 ಡಾಲರಿಗೆ ಶುರುವಾಗುತ್ತಿದ್ದ ಬೆಲೆ 799 ಆಗಿತ್ತು. ಕಂಪನಿಯದ್ದೇನೂ ತಪ್ಪಿಲ್ಲ, ಅವರು ನನಗೆ ಯಾವ ತಾರೀಖನ್ನೂ ಕೊಟ್ಟಿರಲಿಲ್ಲ. ತಾರೀಖು ಹುಟ್ಟಿಸಿಕೊಂಡವನು ನಾನು. ಅಷ್ಟರಲ್ಲಿ ಚೀಟಿಯ ದುಡ್ಡು ಅಮ್ಮನ ಆಪರೇಷನ್‌ಗೆ ಹೋಗಿತ್ತು. ತಂಗಿ ಒಂದು ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತು ಒಂದು ವರ್ಷದ ಮೇಲಾಗಿತ್ತು. ರಾತ್ರಿ ಊಟಕ್ಕೆ ಕೂತಾಗ ನಾನು ಹೇಳಿದೆ, "ಬಂತು ಕಣೆ." ಅವಳು ತಟ್ಟೆಯಿಂದ ತಲೆ ಎತ್ತಿ ಕೇಳಿದಳು, "ಏನಣ್ಣ ಬಂತು?"

ಅವಳಿಗೆ ಮರೆತೇ ಹೋಗಿತ್ತು.

ಮೊನ್ನೆ ಈ ತಮ್ಮ ಪ್ರಶ್ನೆ ಕೇಳಿದ ರಾತ್ರಿ ನಾನು ತಂಗಿಗೆ ಫೋನ್ ಮಾಡಿದೆ. ಇಷ್ಟು ವರ್ಷ ಆದಮೇಲೆ ಕ್ಷಮೆ ಕೇಳಿದೆ. ಅವಳು ನಕ್ಕಳು. ಆಮೇಲೆ ಹೇಳಿದಳು: "ಅಣ್ಣ, ಅವತ್ತೇ 'ಆಗಲ್ಲ' ಅಂದಿದ್ರೆ ಸಾಕಿತ್ತು. ನಾನು ಬೇರೆ ದಾರಿ ನೋಡ್ಕೋತಿದ್ದೆ. ನೀನು 'ತಡಿ' ಅಂದೆ, ನಾನು ತಡೆದೆ."

ಪ್ರಿಯರೇ, ಈ ಮಾತು ನನ್ನ ಎದೆಗೆ ನಾಟಿತು. 'ಇಲ್ಲ' ಅನ್ನೋ ಮಾತು ಕಹಿ, ಆದರೆ ಅದು ಎದುರಿನವರನ್ನು ಬಿಟ್ಟುಬಿಡುತ್ತೆ. ಅವರು ಒಂದು ದಿನ ಅಳ್ತಾರೆ, ಮರುದಿನ ಬೇರೆ ಬಾಗಿಲು ತಟ್ಟುತ್ತಾರೆ. ತಾರೀಖಿಲ್ಲದ 'ತಡಿ' ಸಿಹಿಯಾಗಿ ಕೇಳುತ್ತೆ, ಆದರೆ ಅವರನ್ನು ಕಟ್ಟಿಹಾಕುತ್ತೆ. ನಾನು ಅವಳಿಂದ ದುಡ್ಡು ಕದಿಯಲಿಲ್ಲ. ಎರಡು ವರ್ಷ ಕದ್ದೆ. ಅದೂ ಪ್ರೀತಿಯ ಹೆಸರಿನಲ್ಲಿ.

ಯೋಹಾನನ ಸುವಾರ್ತೆ 5ನೇ ಅಧ್ಯಾಯದಲ್ಲಿ ಕೊಳದ ಹತ್ತಿರ ಮಲಗಿದ್ದ ಮನುಷ್ಯ ನಿಮಗೆ ಗೊತ್ತು. 38 ವರ್ಷದ ಕಾಯಿಲೆ. ನೀರು ಕಲಕಿದಾಗೆಲ್ಲ ಬೇರೆ ಯಾರೋ ಮುಂದೆ ಇಳಿದುಬಿಡುತ್ತಿದ್ದರು. ತನ್ನನ್ನು ಇಳಿಸೋಕೆ ಯಾರೂ ಇಲ್ಲ ಅನ್ನೋದೇ ಅವನ ದುಃಖ. ನಾವು ಈ ಭಾಗ ಓದುವಾಗ ಯಾವಾಗಲೂ ನಮ್ಮನ್ನು ಆ ರೋಗಿಯ ಜಾಗದಲ್ಲಿ ಇಟ್ಟುಕೊಳ್ತೀವಿ. ಒಂದು ಸಲ ಇನ್ನೊಂದು ಕಡೆಯಿಂದ ನೋಡಿ. ನನ್ನ ತಂಗಿಗೆ ಯಾರೂ ಇರಲಿಲ್ಲ ಅಂತ ಅಲ್ಲ. ಅಣ್ಣ ಇದ್ದ, ಜೇಬಿನಲ್ಲಿ ದುಡ್ಡೂ ಇತ್ತು. ಅಣ್ಣ ಇನ್ನೂ ಒಳ್ಳೆಯ ನೀರಿಗೆ ಕಾಯ್ತಿದ್ದ.

"ಹಾಗಾದರೆ ಕಾಯೋದೇ ತಪ್ಪಾ ಪಾಸ್ಟರ್?" ಅಂತ ಕೇಳಬಹುದು. ಅಲ್ಲ. ಪಂಚಾಶತ್ತಮದ ಜನ ನಾವು, ಕಾದು ಪಡೆದವರ ಮಕ್ಕಳು. ಮೇಲಂತಸ್ತಿನ ಆ ಕೋಣೆಯಲ್ಲಿ ಶಿಷ್ಯರು ಕಾದರು. ಆದರೆ ಅವರ ಕಾಯುವಿಕೆ ನೋಡಿ. ಅವರು ಕಾದದ್ದು ಒಂದು ವಾಗ್ದಾನಕ್ಕೆ, ಅದನ್ನು ನೆರವೇರಿಸಬಲ್ಲವನೇ ಕೊಟ್ಟದ್ದಕ್ಕೆ. ಗಾಳಿಸುದ್ದಿ ವಾಗ್ದಾನವಲ್ಲ. ಕಾಯುವಾಗ ಕೈಕಟ್ಟಿ ಕೂರಲಿಲ್ಲ. ಒಟ್ಟಾಗಿ ಪ್ರಾರ್ಥಿಸಿದರು, ಯೂದನ ಜಾಗ ಖಾಲಿ ಇತ್ತು, ಮತ್ತೀಯನನ್ನು ಆರಿಸಿದರು. ಕಾಯುತ್ತಲೇ ಮಾಡಬೇಕಾದ ಕೆಲಸ ಮಾಡಿ ಮುಗಿಸಿದರು. ಮತ್ತೆ, ಆ ಕಾಯುವಿಕೆಯ ಭಾರವನ್ನು ಅವರೇ ಹೊತ್ತರು, ಇನ್ನೊಬ್ಬರ ತಲೆಗೆ ಹೊರಿಸಲಿಲ್ಲ.

ನಾವೋ? "ಕರ್ತನ ಸಮಯಕ್ಕೆ ಕಾಯ್ತಿದ್ದೀನಿ" ಅಂತ ಎಷ್ಟು ಸುಲಭವಾಗಿ ಹೇಳ್ತೀವಿ! ನಾಲ್ಕು ವರ್ಷದಿಂದ ಒಬ್ಬ ಹುಡುಗಿಗೆ "ಸೆಟಲ್ ಆಗ್ಲಿ, ಆಮೇಲೆ ಮನೇಲಿ ಮಾತಾಡ್ತೀನಿ" ಅಂತ ಹೇಳ್ತಾ ಇರೋ ತಮ್ಮಂದಿರು ಇಲ್ಲಿ ಇದ್ದೀರಾ? ಅದು ಕರ್ತನ ಸಮಯ ಅಲ್ಲಪ್ಪ. ಅದು ನಿನ್ನ ಭಯ. ದೇವರ ಹೆಸರನ್ನು ಅದಕ್ಕೆ ಹೊದಿಸಬೇಡ.

ಈಗ ಆ ತಮ್ಮನ ಪ್ರಶ್ನೆಗೆ ಉತ್ತರ. ಮೂರು ವಿಷಯ ನಿನ್ನನ್ನೇ ಕೇಳಿಕೋ.

ಒಂದು, ಈಗಿರುವುದರಲ್ಲಿ ಕೆಲಸ ನಡೀತಿದೆಯಾ, ನಿಂತಿದೆಯಾ? ನಡೀತಿದ್ದರೆ ಆರಾಮಾಗಿ ಕಾಯಿ. ನಿಂತಿದ್ದರೆ, ಇನ್ನೂ ಬಾರದ ಮಷೀನ್ ಎಷ್ಟೇ ವೇಗದ್ದಾದರೂ ಇವತ್ತು ಒಂದು ಕೆಲಸವನ್ನೂ ಮಾಡಿಕೊಡಲ್ಲ.

ಎರಡು, ನಿನ್ನ ಕಾಯುವಿಕೆಗೆ ಒಂದು ಕೊನೆ ಇದೆಯಾ? ಕಂಪನಿ ತಾರೀಖು ಹೇಳದಿದ್ದರೆ ನೀನೇ ಒಂದು ತಾರೀಖು ಬರೆದಿಡು. ಆ ದಿನ ಅಂಗಡಿಯಲ್ಲಿ ಏನಿದೆಯೋ ಅದನ್ನು ತಗೋ, ಆಮೇಲೆ ಹಿಂತಿರುಗಿ ನೋಡಬೇಡ. ಕಾದರೆ ಬೆಲೆ ಇಳಿದೇ ಇಳಿಯುತ್ತೆ ಅಂತಲೂ ನಂಬಬೇಡ. 2021ರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಕಾದವರನ್ನು ಕೇಳು. ಸ್ಟಾಕ್ ಇಲ್ಲ, ಸಿಕ್ಕರೂ ನಿಗದಿಯಾದ ಬೆಲೆಗಿಂತ ಎಷ್ಟೋ ಹೆಚ್ಚು.

ಮೂರು, ಇದೇ ಮುಖ್ಯ. ನೀನು ಕಾಯುವಾಗ ಬೆಲೆ ಕೊಡ್ತಿರೋರು ಯಾರು? ಈ ತಮ್ಮ ನನಗೆ ಆಮೇಲೆ ಹೇಳಿದ: ರೂಮ್‌ಮೇಟ್‌ನ ಕಂಪ್ಯೂಟರಿನಲ್ಲಿ ರಾತ್ರಿ ಎರಡು ಗಂಟೆವರೆಗೂ ಎಡಿಟಿಂಗ್ ಮಾಡ್ತಾನಂತೆ. ಆ ರೂಮ್‌ಮೇಟ್ ಲೈಟ್ ಉರೀತಿರುವಾಗಲೇ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿ, ಬೆಳಿಗ್ಗೆ ಆರಕ್ಕೆ ಶಿಫ್ಟ್‌ಗೆ ಹೋಗ್ತಾನಂತೆ. ತಮ್ಮಾ, ನೀನು ಪ್ರಶ್ನೆ ಕೇಳಬೇಕಾದ್ದು ನನ್ನನ್ನಲ್ಲ. ಇವತ್ತು ರೂಮಿಗೆ ಹೋಗಿ ಅವನನ್ನು ಕೇಳು, "ಇನ್ನು ಮೂರು ತಿಂಗಳು ಕಾಯ್ಲಾ?" ಅಂತ. ಅವನು ಬಾಯಲ್ಲಿ 'ಪರವಾಗಿಲ್ಲ' ಅಂದರೂ ಅವನ ಕಣ್ಣು ನೋಡು. ಉತ್ತರ ಅಲ್ಲಿರುತ್ತೆ.

ನಾವೆಲ್ಲ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ. ನೀವು 'ತಡಿ' ಅಂತ ಹೇಳಿ ನಿಲ್ಲಿಸಿರೋ ಒಬ್ಬರ ಮುಖವನ್ನು ನೆನಪಿಗೆ ತಂದುಕೊಳ್ಳಿ.

ಕರ್ತನೇ, ನಿನಗಾಗಿ ಕಾಯುವ ತಾಳ್ಮೆಯನ್ನು ನಮಗೆ ಕೊಡು. ನಮ್ಮಿಂದಾಗಿ ಕಾಯುತ್ತಾ ನಿಂತವರ ಬಳಿಗೆ ಇವತ್ತೇ ಹೋಗಿ, ಒಂದು ತಾರೀಖನ್ನೋ, ಒಂದು ನೇರವಾದ 'ಇಲ್ಲ'ವನ್ನೋ ಹೇಳುವ ಧೈರ್ಯವನ್ನೂ ಕೊಡು. ಯೇಸುವಿನ ಹೆಸರಿನಲ್ಲಿ, ಆಮೆನ್.