ಉರಿ ಆರಿತೋ, ಅಡಗಿತೋ?

'ಉರಿಯೂತ' ಎಂಬ ನಮ್ಮ ಮಾತು ಎಷ್ಟು ಅನ್ವರ್ಥವಾಗಿದೆ! ಉರಿಯೂ ಉಂಟು, ಊತವೂ ಉಂಟು. ದೇಹವು ತನ್ನ ರಕ್ಷಣೆಗೆಂದು ಹೊತ್ತಿಸಿಕೊಂಡ ಬೆಂಕಿ ಅದು. ಆಮವಾತದಂಥ ರೋಗಗಳಲ್ಲಿ ಆ ಬೆಂಕಿಯೇ ಮನೆಯನ್ನು ಸುಡತೊಡಗುತ್ತದೆ. ಆಗ ಅದನ್ನು ಅಡಗಿಸುವುದು ಧರ್ಮವೇ ಸರಿ. ಆದರೆ ಅಡಗಿಸುವುದಕ್ಕೂ ಆರಿಸುವುದಕ್ಕೂ ಇರುವ ಅಂತರವನ್ನು ರೋಗಿಗೆ ತಿಳಿಸದೆ ಕೊಡುವ ಸುಖ ಉಪಕಾರವಾದೀತೆ? ಈ ಪ್ರಶ್ನೆ ನನ್ನನ್ನು ಬಹುದಿನದಿಂದ ಕಾಡಿದೆ.

ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾಕ್ಟರ್ ಫಿಲಿಪ್ ಹೆಂಚ್ 1929ರಲ್ಲಿ ಒಂದು ಸೋಜಿಗವನ್ನು ಗಮನಿಸಿದರು. ಆಮವಾತದ ರೋಗಿಯೊಬ್ಬರಿಗೆ ಕಾಮಾಲೆ ಬಂದಾಗ ಕೀಲುನೋವು ಇಳಿದುಹೋಯಿತು. ಗರ್ಭಿಣಿಯರಲ್ಲೂ ಹೀಗಾಗುವುದನ್ನು ಅವರು ಮುಂದೆ ಕಂಡರು. ಹಾಗಾದರೆ ಈ ಉರಿಯನ್ನು ತಣಿಸುವ ಯಾವುದೋ ವಸ್ತು ಮೈಯೊಳಗೇ ಇರಬೇಕೆಂದು ತರ್ಕಿಸಿದರು. ಅವರ ಸಹೋದ್ಯೋಗಿ ಎಡ್ವರ್ಡ್ ಕೆಂಡಲ್, ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಹಲವು ವಸ್ತುಗಳನ್ನು ಬೇರ್ಪಡಿಸಿದ್ದರು. ಅವುಗಳಲ್ಲೊಂದಕ್ಕೆ ಮುಂದೆ ಕಾರ್ಟಿಸೋನ್ ಎಂದು ಹೆಸರಾಯಿತು. ಎತ್ತಿನ ಪಿತ್ತರಸದಿಂದ, ಮೂವತ್ತಕ್ಕೂ ಮಿಕ್ಕ ಹಂತಗಳಲ್ಲಿ, ಅದನ್ನು ತಯಾರಿಸಬೇಕಾಗಿತ್ತು. 1948ರ ಸೆಪ್ಟೆಂಬರಿನಲ್ಲಿ, ನಡೆಯಲು ಕಷ್ಟಪಡುತ್ತಿದ್ದ 29 ವರ್ಷದ ಹೆಣ್ಣುಮಗಳೊಬ್ಬಳಿಗೆ ಅದನ್ನು ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಸಲೀಸಾಗಿ ನಡೆದಾಡಿದಳು. 1950ರಲ್ಲಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ಮದ್ದು ನಿಲ್ಲಿಸಿದರೆ ನೋವು ಮರಳುತ್ತಿತ್ತು. ಬಹುಕಾಲ ಕೊಟ್ಟರೆ ಮುಖ ಚಂದ್ರಬಿಂಬದಂತೆ ದುಂಡಗಾಗುತ್ತಿತ್ತು, ಮೂಳೆ ಟೊಳ್ಳಾಗುತ್ತಿತ್ತು, ರಕ್ತದಲ್ಲಿ ಸಕ್ಕರೆ ಏರುತ್ತಿತ್ತು. ಹೊರಗಿನಿಂದ ಬರುವುದನ್ನೇ ನೆಚ್ಚಿ ಗ್ರಂಥಿ ಸೋಮಾರಿಯಾಗುವುದರಿಂದ ಅದನ್ನು ಹಠಾತ್ತನೆ ಬಿಡುವಂತೆಯೂ ಇಲ್ಲ.

ಇಷ್ಟು ಕೇಳಿ, ನೋವನ್ನು ಸಹಿಸುವುದೇ ಲೇಸೆನ್ನುವ ವೇದಾಂತಿಗಳುಂಟು. ಹಾಗೆ ಹೇಳುವವರ ಕೀಲು ಸಾಮಾನ್ಯವಾಗಿ ನೋಯುತ್ತಿರುವುದಿಲ್ಲ. ನನ್ನ ಸೋದರತ್ತೆಯವರು ಹತ್ತು ವರ್ಷ ಮುಷ್ಟಿ ಬಿಗಿಯಲಾರದೆ ಬಾಳಿದವರು. ಯಾರೋ ಕೊಟ್ಟ ಹೆಸರಿಲ್ಲದ ಪುಡಿಯಿಂದ ಎಂಟೇ ದಿನಕ್ಕೆ ತಾವೇ ಮುದ್ದೆ ಕಟ್ಟಿದರು. ಮನೆಯಲ್ಲಿ ಅಂದು ಹಬ್ಬ. ಎರಡು ವರ್ಷದೊಳಗೆ ಮುಖ ಊದಿತು, ಬೆನ್ನೆಲುಬು ಕುಸಿಯಿತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿತ್ತೆಂದು ಆಮೇಲೆ ತಿಳಿಯಿತು. ಅತ್ತೆಯವರು ಅಂದದ್ದು ಇಷ್ಟೆ: "ಮೊದಲೇ ಹೇಳಿದ್ದರೂ ತಗೋತಿದ್ದೆನೋ ಏನೋ ಕಣಪ್ಪ. ಆದರೆ ನನ್ನನ್ನ ಒಂದು ಮಾತು ಕೇಳಬೇಕಾಗಿತ್ತು."

ಹಾಗೆಂದು ಮದ್ದನ್ನೇ ದೂರಬೇಕಾಗಿಲ್ಲ. ಇದೇ ಕುಲದ ಡೆಕ್ಸಾಮೆಥಸೋನ್ ಎಂಬ ಅಗ್ಗದ ಔಷಧ, 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ 'ರಿಕವರಿ' ಪರೀಕ್ಷೆಯಲ್ಲಿ, ಉಸಿರಾಟದ ಯಂತ್ರದ ಆಸರೆಯಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಸುಮಾರು ಮೂರರಲ್ಲೊಂದು ಪಾಲು ತಗ್ಗಿಸಿತು. ಆಮ್ಲಜನಕವೇ ಬೇಕಿಲ್ಲದಿದ್ದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಪಾಪಪುಣ್ಯಗಳು ಮದ್ದಿನಲ್ಲಿಲ್ಲ, ಹೊತ್ತು, ಅಳತೆ ಅರಿತು ಕೊಡುವ ಕೈಯಲ್ಲಿವೆ.

ಇಂಥ ಉಪಶಮನ ಮೈಯಿಂದ ಎತ್ತಿದ ಸಾಲ. ಸಾಲವೇನೂ ಪಾಪವಲ್ಲ, ಎಷ್ಟೋ ಸಂಸಾರಗಳು ಹೊತ್ತಿಗೊದಗಿದ ಸಾಲದಿಂದಲೇ ಉಳಿದಿವೆ. ಆದರೆ ಬಡ್ಡಿಯನ್ನು ಮರೆಮಾಚಿ ಸಾಲ ಕೊಡುವವನನ್ನು ಯಾವ ಊರೂ ಉಪಕಾರಿಯೆಂದು ಕರೆಯದು. ತೀರಿಸಬೇಕಾದವರು ಪತ್ರವನ್ನು ಓದಿಸಿ ಕೇಳಿಯೇ ರುಜು ಹಾಕಬೇಕು.