ಸಮ್ಮಟಿಗೆ ಇಳಿಸಿದ ಮೇಲೆ

ನಮ್ಮ ಮನೆಯ ಮೆಟ್ಟುಗತ್ತಿಗೆ ನನ್ನ ಸಂಸಾರದಷ್ಟೇ ವಯಸ್ಸು. ಅಡಿಕೆ ಸುಲಿಯುವ ಕಾಲ ಬಂತೆಂದರೆ ಅದನ್ನು ತಟ್ಟಿಸಿಕೊಂಡು ಬರಲು ಕಮ್ಮಾರಸಾಲೆಗೆ ನಾನೇ ಹೋಗುತ್ತೇನೆ. ಅಲ್ಲಿ ನನ್ನ ಕಣ್ಣು ಹೋಗುತ್ತಿದ್ದುದು ಆಚಾರ್ರ ಕಡೆಗಲ್ಲ, ಅವರ ಹೆಂಡತಿಯ ಕಡೆಗೆ. ಕೆಂಡದಂತೆ ಕಾದ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಆಚಾರ್ರು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ 'ಟಿಣ್' ಎಂದು ಜಾಗ ತೋರಿಸುವರು. ಆಕೆ ಸೆರಗು ಬಿಗಿದು ಸಮ್ಮಟಿಗೆ ಎತ್ತಿ ಅದೇ ಜಾಗಕ್ಕೆ ಬಡಿಯುವಳು. ಒಂದು ಏಟೂ ತಪ್ಪುತ್ತಿರಲಿಲ್ಲ. ಮಹಿಳಾ ಸಮಾಜದಲ್ಲಿ ಸ್ತ್ರೀಶಕ್ತಿಯ ಬಗ್ಗೆ ಮಾತಾಡುವಾಗಲೆಲ್ಲ ನಾನು ಆಕೆಯ ಉದಾಹರಣೆ ಕೊಡುತ್ತಿದ್ದೆ. ಭುಜ ನೋಯುತ್ತದೆಯೇ ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ಐ.ಟಿ.ಐ. ಮುಗಿಸಿದ ಅವರ ಮಗ ನನ್ನ ಶಿಷ್ಯ. 2019ರಲ್ಲಿ ಹೈಡ್ರಾಲಿಕ್ ಪ್ರೆಸ್ಸು ಕಟ್ಟುತ್ತೇನೆಂದು ಹೊರಟ. ಮೊದಲು ಲಾರಿ ಎತ್ತುವ ಜಾಕನ್ನೇ ಚೌಕಟ್ಟಿನಲ್ಲಿ ಕೂರಿಸಿದ. ಕೈಯಿಂದ ಒತ್ತಿ ಒತ್ತಿ ಅದು ಕಬ್ಬಿಣಕ್ಕೆ ತಾಗುವಷ್ಟರಲ್ಲಿ ಪಟ್ಟಿ ಆರಿ ಕಪ್ಪಾಗುತ್ತಿತ್ತು. ತಣ್ಣಗಾದ ಕಬ್ಬಿಣ ಯಾರ ಮಾತು ಕೇಳೀತು? ಬಲವಿದ್ದರೆ ಸಾಲದು, ವೇಗವೂ ಬೇಕೆಂದು ಮೋಟಾರು, ಪಂಪು, ಗುಜರಿಯಿಂದ ಸಿಲಿಂಡರು ತಂದ. ದಪ್ಪ ತೊಲೆಗಳನ್ನು ಬೆಸೆದ. ಎಣ್ಣೆಯ ಪೈಪಿಗೆ ಕಿಡಿ ತಾಗದಂತೆ ತಗಡಿನ ಮರೆ ಕಟ್ಟಿದ. "ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ಬೆರಳಿಡಬೇಡ, ಎಣ್ಣೆ ಚರ್ಮದೊಳಗೇ ನುಗ್ತದೆ" ಎಂದು ತಾಯಿಗೆ ಹತ್ತು ಸಲ ಹೇಳಿದ.

ನಾನು ಬಿ.ಎ. ಓದಿದವಳು, ಈ ಲೆಕ್ಕ ನನಗೆಲ್ಲಿ ಬರಬೇಕು? ಅವನೇ ಬಿಡಿಸಿ ಹೇಳಿದ. ದೊಡ್ಡ ಪಿಸ್ಟನ್ನಿನ ಅಡ್ಡಗಲ ಸಣ್ಣದರ 10 ಪಟ್ಟಿದ್ದರೆ ಬಲ 100 ಪಟ್ಟು; ಆದರೆ ಸಣ್ಣದು 100 ಅಂಗುಲ ಸರಿದರೆ ದೊಡ್ಡದು ಸರಿಯುವುದು ಒಂದೇ ಅಂಗುಲ. "ಪುಕ್ಕಟೆ ಏನೂ ಬರಲ್ಲ ಮೇಡಂ" ಎಂದು ನಕ್ಕ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲೇ ಪೇಟೆಂಟ್ ಪಡೆದ ಉಪಾಯವಂತೆ ಇದು.

ಯಂತ್ರ ಓಡಿದ ದಿನ ನನಗೇಕೋ ಪಿಚ್ಚೆನಿಸಿತು. ಸಮ್ಮಟಿಗೆಯ ತಾಳವಿಲ್ಲ; ಮೋಟಾರಿನ ಗೊರಗೊರ ಸದ್ದಿನಲ್ಲಿ ಕಬ್ಬಿಣ ಹಿಟ್ಟಿನ ಉಂಡೆಯಂತೆ ಚಪ್ಪಟೆಯಾಯಿತು. "ಕೈಕೆಲಸದ ಸತ್ವವೇ ಹೋಯಿತಲ್ಲ" ಎಂದುಬಿಟ್ಟೆ.

"ಅಕ್ಕೋರೆ, ನೀವಿನ್ನೂ ಒರಳಲ್ಲೇ ರುಬ್ತೀರಾ?" ಎಂದಳು ಆಕೆ.

ಗ್ರೈಂಡರು ತಂದ ದಿನ ನಾನು ಒರಳಿಗಾಗಿ ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ. ಬೆವರಿನ ಘನತೆಯನ್ನು ಹೊಗಳುವುದು ಫ್ಯಾನಿನ ಕೆಳಗೆ ಕೂತವರಿಗೆ ಎಷ್ಟು ಸಲೀಸು ನೋಡಿ.

ಕಳೆದ ಸಲ ಹೋದಾಗ ಆಕೆ ಸಾಲೆಯಲ್ಲಿರಲಿಲ್ಲ. ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಭುಜ ಹೇಗಿದೆಯೆಂದು ಕೊನೆಗೂ ಕೇಳಿದೆ.

"ರಾತ್ರಿ ನಿದ್ದೆ ಬರ್ತದೆ ಅಕ್ಕೋರೆ. ಆದ್ರೆ ಮೊದ್ಲು ಸಂಜೆಗೆ ದುಡ್ಡು ಎಣಿಸಿ ನನ್ ಕೈಲಿ ಇಡ್ತಿದ್ರು. ಈಗ ಕೇಳಿದ್ರೆ ಎಂತಕ್ಕೆ ಅಂತಾರೆ."

ಗ್ರೈಂಡರು ಉಳಿಸಿಕೊಟ್ಟ ಹೊತ್ತಿನಲ್ಲಿ ನಾನು ಶಾಲೆಗೆ ಹೋದೆ, ಸಂಬಳ ನನ್ನ ಹೆಸರಿಗೇ ಬಂತು. ಈಕೆಗೆ ಉಳಿದ ಹೊತ್ತು ಎಲ್ಲಿ ಹೋಯಿತು? ಪಾಲು ಸಿಗುತ್ತಿದ್ದುದು ತೋಳಿಗೋ, ಆಕೆಗೋ? ಪ್ರೆಸ್ಸಿನ ಹಿಡಿಕೆ ಎಳೆಯುವುದು ಕಷ್ಟವೇನಲ್ಲ. ಅದನ್ನು ನಿಮ್ಮಮ್ಮನಿಗೆ ಕಲಿಸಬಾರದೇ ಎಂದು ಮಗನನ್ನು ಕೇಳಿದೆ. "ಇಷ್ಟು ವರ್ಷ ದುಡಿದದ್ದು ಸಾಲದಾ ಮೇಡಂ, ಆರಾಮಾಗಿರಲಿ" ಎಂದ. ಆ ಮಾತಿನಲ್ಲಿ ಪ್ರೀತಿಯೇ ಇತ್ತು. ಹಾಗಾಗಿ ನನಗೆ ಮುಂದೆ ಏನೂ ಹೇಳಲಾಗಲಿಲ್ಲ.

ಕತ್ತಿ ತಟ್ಟಿಸಿದ ದುಡ್ಡನ್ನು ಅವನಿಗೆ ಕೊಡದೆ ಹಿತ್ತಿಲಿಗೆ ಹೋಗಿ ಆಕೆಗೇ ಕೊಟ್ಟೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿ ತೆಗೆದುಕೊಂಡಳು. ನೋಟನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು, ಆಮೇಲೆ ಮಗನನ್ನು ಕೂಗಿದಳು.