ಉಪಕಾರಕ್ಕೂ ಪರವಾನಗಿ ಬೇಕೆ?

ಒಳ್ಳೆಯ ಕೆಲಸಕ್ಕೆ ಹೊರಟವನನ್ನು ಕಾನೂನು ಏಕೆ ತಡೆದು ನಿಲ್ಲಿಸಬೇಕು? ಧರ್ಮಕೇಂದ್ರದ ಕೆಲವು ಕುಟುಂಬಗಳು ಸೇರಿ, ತಮ್ಮ ಕಾರುಗಳಲ್ಲಿ ರೋಗಿಗಳನ್ನೂ ವೃದ್ಧರನ್ನೂ ಆಸ್ಪತ್ರೆಗೆ ಕರೆದೊಯ್ಯುವ ಸೇವೆಯ ಮಾತು ತೆಗೆದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಮನಸ್ಸು ಶುದ್ಧವಾಗಿದ್ದರೆ ಸಾಲದೆ, ಕಾಗದಪತ್ರಗಳ ಗೊಡವೆ ಏಕೆ ಎನ್ನುವವರು ಎಲ್ಲ ಊರುಗಳಲ್ಲೂ ಇದ್ದಾರೆ.

ಇಂಥ ಸೇವೆಯ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಮಂಡ್ಯ, ಮದ್ದೂರುಗಳಿಗೆ ರೈಲಿದೆ, ಮಳವಳ್ಳಿಗೆ ಇಲ್ಲ. 2008ರಿಂದ 108ರ ಆಂಬುಲೆನ್ಸ್ ಇದೆ, ಆದರೆ ಅದು ತುರ್ತಿಗೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿನ ಹೊರೆಯನ್ನು ಇಳಿಸಿತು. ಆದರೂ ಬಸ್ಸು ಮನೆಯ ಬಾಗಿಲಿಗೆ ಬರುವುದಿಲ್ಲ. ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗಬೇಕಾದ ಮುದುಕಿಯೊಬ್ಬರನ್ನು ನೆನೆಯಿರಿ. ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಿ ಎದ್ದ ದೇಹಕ್ಕೆ ಬಸ್ ನಿಲ್ದಾಣದ ಕಲ್ಲುಬೆಂಚು ಎಷ್ಟು ದೂರ! ಅವರದು ತುರ್ತೂ ಅಲ್ಲ, ಸಾಮಾನ್ಯ ಪ್ರಯಾಣವೂ ಅಲ್ಲ. ನೆರೆಯವನ ಕಾರಿಗೆ ಕೆಲಸವಿರುವುದು ಈ ನಡುವಿನ ಜಾಗದಲ್ಲೇ.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನಗಳ ಕಾಯ್ದೆ ಸ್ವಂತ ಕಾರಿನಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳುವುದನ್ನು ನಿಷೇಧಿಸುವುದಿಲ್ಲ. ಅದು ಗೆರೆ ಎಳೆಯುವುದು ಬಾಡಿಗೆ ಅಥವಾ ಪ್ರತಿಫಲ ಎಂಬಲ್ಲಿ. ಬಿಳಿ ಫಲಕದ ಕಾರು ಹಣಕ್ಕಾಗಿ ಓಡಿದರೆ ಅದು ಪರವಾನಗಿಯಿಲ್ಲದ ಸಾರಿಗೆ ವಾಹನವಾಗುತ್ತದೆ. 2019ರ ತಿದ್ದುಪಡಿಯ ನಂತರ ಅದಕ್ಕೆ ಹತ್ತು ಸಾವಿರ ರೂಪಾಯಿ ದಂಡ, ಸೆರೆವಾಸಕ್ಕೂ ಅವಕಾಶ. ಆದರೆ ಅದೇ 192ಎ ಕಲಮಿನಲ್ಲಿ ಇನ್ನೊಂದು ಮಾತಿದೆ. ತುರ್ತಿನಲ್ಲಿ ರೋಗಿಯನ್ನೋ ಗಾಯಾಳುವನ್ನೋ ಸಾಗಿಸಿದವರಿಗೆ, ಸಂಕಷ್ಟದಲ್ಲಿರುವವರಿಗೆ ಅನ್ನವನ್ನೋ ಔಷಧವನ್ನೋ ಒಯ್ದವರಿಗೆ ಈ ಶಿಕ್ಷೆ ಅನ್ವಯಿಸದು. ಏಳು ದಿನಗಳೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು, ಅಷ್ಟೇ. ನಿಷ್ಠುರವೆಂದು ನಾವು ದೂರುವ ಕಾನೂನು, ಮೊದಲು ಹೋಗಿ ಬಾ, ಆಮೇಲೆ ಬಂದು ಹೇಳು ಎನ್ನುತ್ತದೆ. ಅನೇಕ ಮನೆಗಳ ಹಿರಿಯರು ಇಷ್ಟು ಉದಾರವಾಗಿ ಮಾತಾಡುವುದಿಲ್ಲ!

ಹಾಗಾದರೆ ಪೆಟ್ರೋಲಿನ ಹಣ? ಇಲ್ಲಿ ವಿಷಯ ಸೂಕ್ಷ್ಮವಾಗುತ್ತದೆ. ಪಡೆಯುವವರಿಗೂ ಅಭಿಮಾನವಿದೆ, ಪುಕ್ಕಟೆ ಹೋಗಲು ಅವರಿಗೆ ಸಂಕೋಚ. ಕಾರಿನಲ್ಲಿ ಕಾಣಿಕೆಯ ಡಬ್ಬಿ ಇಟ್ಟರೆ ಆಯಿತಲ್ಲ ಎಂಬ ಸಲಹೆ ಬರುತ್ತದೆ. ನನ್ನ ಮಟ್ಟಿಗೆ ಆ ಡಬ್ಬಿ ಬೇರೆ ಹೆಸರಿನ ಬಾಡಿಗೆಯೇ. ಹತ್ತು ರೂಪಾಯಿ ಹಾಕಿದವರ ಪಕ್ಕದಲ್ಲಿ ಏನೂ ಹಾಕಲಾಗದವರು ತಲೆತಗ್ಗಿಸಿ ಕೂರುತ್ತಾರೆ. ಮುಂದಿನ ವಾರ ಅವರು ಫೋನ್ ಮಾಡುವುದಿಲ್ಲ. ಇಂಧನದ ವೆಚ್ಚವನ್ನು ಸೇವೆ ನೀಡುವವರೇ ತಮ್ಮೊಳಗೆ ಹಂಚಿಕೊಳ್ಳುವುದು ಮೇಲು. ಇನ್ನು, ಇಳಿಯುವಾಗ ಯಾರಾದರೂ ಪ್ರೀತಿಯಿಂದ ಎರಡು ಎಳನೀರು ಕೊಟ್ಟರೆ ಅದನ್ನು ಪ್ರತಿಫಲವೆನ್ನುವಷ್ಟು ಒಣಗಿದ ಅಧಿಕಾರಿ ಮಂಡ್ಯದ ಸೀಮೆಯಲ್ಲಿ ಇರಲಾರರು.

ಬ್ರಿಟನ್ನಿನಲ್ಲಿ 1985ರ ಸಾರಿಗೆ ಕಾಯ್ದೆಯ 19ನೆಯ ಕಲಮು ಲಾಭವಿಲ್ಲದೆ ದುಡಿಯುವ ಸಂಸ್ಥೆಗಳಿಗೆಂದೇ ಹಗುರವಾದ ಪರವಾನಗಿಯೊಂದನ್ನು ಒದಗಿಸಿದೆ. ಅದರಡಿ ಅವು ಪ್ರಯಾಣಿಕರಿಂದ ಹಣ ಪಡೆಯಲೂಬಹುದು. ನಮ್ಮಲ್ಲೂ ಅಂಥ ಏರ್ಪಾಡಿರಬೇಕೆಂದು ಕೇಳುವುದು ನ್ಯಾಯವೇ. ಅದು ಬರುವವರೆಗೆ ಇದ್ದಂತೆ ನಡೆಯಬಹುದು ಎನ್ನುವುದು ಮಾತ್ರ ನ್ಯಾಯವಲ್ಲ.

ಏಕೆಂದರೆ ನಿಯಮ ಇರುವುದು ಚಾಲಕನ ಒಳ್ಳೆಯತನವನ್ನು ಅಳೆಯಲಿಕ್ಕಲ್ಲ. ಕೈಹಿಡಿದು ಕಾರು ಹತ್ತಿಸಿಕೊಂಡವರನ್ನು ಆ ಮುದುಕಿ, ‘ಮಗಾ, ನಿನ್ನ ಗಾಡಿಗೆ ವಿಮೆ ಇದೆಯೇ, ಟೈರು ಸವೆದಿಲ್ಲವೇ?’ ಎಂದು ಕೇಳಬಲ್ಲರೇ? ಕೃತಜ್ಞತೆ ಬಾಯಿ ಕಟ್ಟುತ್ತದೆ. ಅವರು ಕೇಳಲಾಗದ್ದನ್ನು ಅವರ ಪರವಾಗಿ ನಿಯಮ ಕೇಳುತ್ತದೆ. ಕಡ್ಡಾಯದ ಮೂರನೆಯ ವ್ಯಕ್ತಿ ವಿಮೆಯೊಂದೇ ಇರುವ ಖಾಸಗಿ ಕಾರಿನಲ್ಲಿ ಪುಕ್ಕಟೆ ಕುಳಿತವರಿಗೆ ಅಪಘಾತವಾದರೆ, ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲೇ ಹೇಳಿದೆ. ಸಮಗ್ರ ಪಾಲಿಸಿ ಬೇಕು. ಹಣ ಪಡೆದು ಓಡಿಸಿದರೆ ಆ ಪಾಲಿಸಿಯೂ ಕೈಕೊಡಬಹುದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ ಮಕ್ಕಳೂ ಸೇರಿ 30 ಮಂದಿ ಅಸುನೀಗಿದ್ದನ್ನು ಈ ಜಿಲ್ಲೆ ಮರೆತಿಲ್ಲ. ನಾವು ಏರುವ ವಾಹನದ ಬಗ್ಗೆ ನಾವು ಕೇಳುವುದು ಎಷ್ಟು ಕಡಿಮೆ!

ಅಪಘಾತದ ಗಾಯಾಳುವಿಗೆ ನೆರವಾದವರನ್ನು ಕಾಪಾಡುವ 134ಎ ಕಲಮು 2019ರಲ್ಲಿ ನಮ್ಮ ಕಾಯ್ದೆಗೆ ಸೇರಿತು. ಅದು ಆ ಉಪಕಾರಿಯನ್ನು ಕರೆಯುವುದು ಶುಭಸಂದೇಶದ ಸಮಾರಿಯದವನ ಹೆಸರಿನಿಂದಲೇ. ಆ ಸಮಾರಿಯದವನು ಗಾಯಾಳುವನ್ನು ತನ್ನ ಸವಾರಿಯ ಮೇಲೆ ಕೂರಿಸಿದ್ದಷ್ಟೇ ನಮ್ಮ ನೆನಪಿನಲ್ಲಿದೆ. ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚಿನ ವೆಚ್ಚ ಬಂದರೆ ಹಿಂದಿರುಗುವಾಗ ತೀರಿಸುವೆನೆಂದು ಲೆಕ್ಕಾಚಾರವನ್ನೂ ಮಾಡಿಯೇ ಅವನು ಹೊರಟ. ಕರುಣೆ ಅವನಲ್ಲಿ ಲೆಕ್ಕ ತಪ್ಪಲಿಲ್ಲ.

ಎಲ್ಲಕ್ಕಿಂತ ಕಷ್ಟದ ನಿಯಮ ಬೇರೆಯೇ ಇದೆ. ಇಂಥ ಸೇವೆಗೆ ಬಿಡುವಿರುವುದು ಹೆಚ್ಚಾಗಿ ನಿವೃತ್ತರಿಗೆ. ನಲವತ್ತು ದಾಟಿದವರು ಚಾಲನಾ ಪರವಾನಗಿ ನವೀಕರಿಸಲು ವೈದ್ಯರ ಪ್ರಮಾಣಪತ್ರ ತರಬೇಕು. ಐವತ್ತೈದರ ನಂತರ ಐದು ವರ್ಷಕ್ಕೊಮ್ಮೆ ನವೀಕರಣ. ಆದರೆ ಕಣ್ಣು ಮಂಜಾಗಲು ಐದು ವರ್ಷ ಕಾಯುವುದಿಲ್ಲ. ಸಂಜೆಯ ಹೆದ್ದಾರಿಯಲ್ಲಿ ಎದುರಿನ ದೀಪಕ್ಕೆ ತಡವರಿಸುವ ಎಪ್ಪತ್ತೈದರ ಹಿರಿಯರಿಗೆ, ಎಲ್ಲರಿಗಿಂತ ಹೆಚ್ಚು ದುಡಿದವರಿಗೆ, ಕೀಲಿ ಕೊಡಿ ಎನ್ನುವವರಾರು? ಹೇಳಲೇಬೇಕು. ಸಭೆಯಲ್ಲಲ್ಲ, ಅವರ ಮನೆಯಲ್ಲಿ, ಕಾಫಿ ಕುಡಿಯುತ್ತ. ಯಾವ ದಿನ ಯಾರನ್ನು ಯಾರು ಕರೆದೊಯ್ಯಬೇಕೆಂದು ಬರೆದಿಡುವ ಪುಸ್ತಕವನ್ನೂ ಫೋನನ್ನೂ ಅಂದೇ ಅವರ ಕೈಗೆ ಒಪ್ಪಿಸಿ ಬರಬೇಕು.